ದೊಡ್ಡಮ್ಮನ ನೆತ್ತಿಯ ಬೂಷ್ಟು

ದೊಡ್ಡಮ್ಮನ ನೆತ್ತಿಯ ಮೇಲೆ ಬಿಳಿ ಮಚ್ಚೆ ಕಾಣಿಸಿದ್ದು ಬೆಳಿಗ್ಗೆ ಎಂಟೂಕಾಲಿಗೆ. ವರ್ಷದಲ್ಲಿ ಯಾವ ದಿನ ಕಾಣಿಸಬಾರದೋ ಸರಿಯಾಗಿ ಆ ದಿನವೇ ಕಾಣಿಸಿತು.

ದೊಡ್ಡಮ್ಮ ಎಂದರೆ ಯಾರ ತಾಯಿಯ ಅಕ್ಕನೂ ಅಲ್ಲ. ಊರಿನ ಮತ್ಸ್ಯಾಲಯದ ದೊಡ್ಡ ತೊಟ್ಟಿಯಲ್ಲಿ ಒಂಬತ್ತು ವರ್ಷದಿಂದ ಸುತ್ತು ಹೊಡೆಯುತ್ತಿದ್ದ ಆರಡಿ ಉದ್ದದ ಹೆಣ್ಣು ಶಾರ್ಕು. ಯಾರನ್ನೂ ಕಚ್ಚಿದವಳಲ್ಲ. ಆದರೆ ಗಾಜಿನ ಆಚೆಯಿಂದ ಅವಳು ನೋಡುವ ನೋಟದಲ್ಲಿ, ಮನೆಗೆ ಬಂದ ಹಿರಿಯರು ಮೂಲೆಯ ಧೂಳನ್ನು ನೋಡುವ ಆಕ್ಷೇಪಣೆ ಇರುತ್ತಿತ್ತು. ಅದಕ್ಕೇ ಆ ಹೆಸರು ಬಂದದ್ದು.

ಮಚ್ಚೆಯನ್ನು ಮೊದಲು ಕಂಡವನು ಬೂಟಣ್ಣ. ಮೀನುಗಳಿಗೆ ಊಟ ಹಾಕುವುದು, ತೊಟ್ಟಿ ಉಜ್ಜುವುದು, ನೀರಿನ ಬಿಸಿ ನೋಡುವುದು ಅವನ ಕೆಲಸ. ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರ. ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟಿನಲ್ಲೇ ಬೆಳಗಿನಿಂದ ಸಂಜೆಯವರೆಗೆ ಓಡಾಡುತ್ತಿದ್ದುದರಿಂದ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಆ ಬೂಟುಗಳಲ್ಲಿ ಎಡಗಾಲಿನದು ಹೆಬ್ಬೆರಳಿನ ಹತ್ತಿರ ತೂತು ಬಿದ್ದು ನಾಲ್ಕು ವರ್ಷವಾಗಿತ್ತು. ಹೊಸದು ಕೊಡಿಸಿ ಎಂದು ಮೂರು ಸಲ ಕೇಳಿದ್ದ. ಮೂರು ಸಲವೂ ಮ್ಯಾನೇಜರು ನಿಯಮದ ಪುಸ್ತಕ ತೆರೆದು ಅದೇ ಪುಟ ತೋರಿಸಿದ್ದರು.

"ಬೂಟು ಕಾಯಂ ನೌಕರರಿಗೆ ಮಾತ್ರ ಕಣಯ್ಯ. ನೀನು ಮೊದಲು ಕಾಯಂ ಆಗು, ಬೂಟು ತಾನಾಗೇ ಬರುತ್ತೆ."

ಇವತ್ತು ಆ ಯೋಗ ಕೂಡಿಬಂದಿತ್ತು. ಸಂಜೆ ನಾಲ್ಕಕ್ಕೆ ಮತ್ಸ್ಯಾಲಯದ ಅಧ್ಯಕ್ಷರು ವರ್ಷದ ತಪಾಸಣೆಗೆ ಬರುವವರಿದ್ದರು. ಎಲ್ಲ ಸರಿಯಿದ್ದರೆ ಬೂಟಣ್ಣನ ಕಾಗದಕ್ಕೆ ಸಹಿ. ಸರಿ ಎಂದರೆ ಏನು ಎಂಬುದನ್ನು ಹೇಳಲು ಒಂದು ಆರೋಗ್ಯ ಪುಸ್ತಕವಿತ್ತು. ಆರೋಗ್ಯವಾಗಿರುವ ಮೀನನ್ನು ಅದರಲ್ಲಿ ನೀಲಿ ಶಾಯಿಯಲ್ಲಿ ಬರೆಯಬೇಕು, ಕಾಯಿಲೆಯ ಮೀನನ್ನು ಕೆಂಪು ಶಾಯಿಯಲ್ಲಿ. ಆ ವರ್ಷದ ಪುಟಗಳಲ್ಲಿ ಒಂದೇ ಒಂದು ಕೆಂಪು ಸಾಲಿದ್ದರೂ ಮೀನು ನೋಡಿಕೊಳ್ಳುವ ಪಾಲಕನ ಅರ್ಜಿ ಕಟ್ಟಿನ ತಳಕ್ಕೆ ಹೋಗುತ್ತಿತ್ತು.

ಹಾಗಾಗಿ ಬೂಟಣ್ಣ ಹಿಂದಿನ ದಿನ ಮೈ ಮುರಿದು ದುಡಿದಿದ್ದ. ಗಾಜು ಒರೆಸಿದ್ದ, ಕಲ್ಲು ಉಜ್ಜಿದ್ದ, ಕೊಳವೆಗಳ ಪಾಚಿ ಕೆರೆದಿದ್ದ, ದೊಡ್ಡಮ್ಮನನ್ನು ಊಟಕ್ಕೆ ಕರೆಯುವ ಕೋಲಿನ ತುದಿಯ ತಟ್ಟೆಗೂ ಬಿಳಿ ಬಣ್ಣ ಬಳಿದು ಫಳಫಳ ಎನ್ನಿಸಿದ್ದ. ಆ ತಟ್ಟೆಯನ್ನು ನೀರಿಗೆ ಇಳಿಸಿದರೆ ದೊಡ್ಡಮ್ಮ ಎಲ್ಲಿದ್ದರೂ ಬಂದು ಅದಕ್ಕೆ ನೆತ್ತಿ ಒತ್ತಿ ಒರಸಿ ನಿಲ್ಲುತ್ತಿದ್ದಳು. ನಿಂತರೆ ಮೀನಿನ ತುಂಡು. ಒಂಬತ್ತು ವರ್ಷದ ಅಭ್ಯಾಸ ಅದು.

ಈಗ ಅದೇ ನೆತ್ತಿಯ ಮೇಲೆ ಅಂಗಿಯ ಗುಂಡಿಯಷ್ಟು ಬಿಳುಪು. ಸಣ್ಣ ಮೀನುಗಳ ಮೈಮೇಲೆ ಹತ್ತಿಯಂಥ ಬೂಷ್ಟು ಹಬ್ಬಿ, ವಾರದೊಳಗೆ ಅವು ಹೊಟ್ಟೆ ಮೇಲೆ ಮಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಶಾರ್ಕುಗಳಿಗೂ ಬೂಷ್ಟು ಹಿಡಿಯುತ್ತದೆ, ತಲೆಯಿಂದಲೇ ಶುರುವಾಗುತ್ತದೆ ಎಂದು ಮೀನುಗಳ ಡಾಕ್ಟರಮ್ಮ ಹೇಳಿದ್ದೂ ನೆನಪಿತ್ತು.

ಕೆಲವರು ಯೋಚನೆ ಬಂದರೆ ತಲೆ ಕೆರೆದುಕೊಳ್ಳುತ್ತಾರೆ. ಬೂಟಣ್ಣ ಎಡಗಾಲಿನ ಬೂಟು ಕಳಚಿ ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದ. ಈಗಲೂ ತೊಟ್ಟಿಯ ಕಟ್ಟೆಯ ಮೇಲೆ ಕೂತು ಐದು ನಿಮಿಷ ಚೆನ್ನಾಗಿ ಕೆರೆದುಕೊಂಡು, ಆಮೇಲೆ ಡಾಕ್ಟರಮ್ಮನಿಗೆ ಫೋನು ಹಚ್ಚಿದ.

"ಗಾಬರಿ ಆಗ್ಬೇಡಿ," ಎಂದರು ಡಾಕ್ಟರಮ್ಮ. "ನಾನು ಸಂಜೆ ಬರ್ತೀನಿ. ಅಷ್ಟರಲ್ಲಿ ಒಂದು ಗಾಜಿನ ಪಟ್ಟಿ ಮೇಲೆ ಆ ಬಿಳಿ ಜಾಗದಿಂದ ಸ್ವಲ್ಪ ತೆಗೆದು ಕಳಿಸಿ. ಶುದ್ಧವಾದ ಹತ್ತಿಕಡ್ಡಿ ಬಳಸಿ. ನೀರು ಎರಡು ಡಿಗ್ರಿ ಬೆಚ್ಚಗೆ ಮಾಡಿ, ಬಿಸಿ ಕಂಡ್ರೆ ಬೂಷ್ಟಿಗೆ ಆಗಲ್ಲ."

ಹತ್ತಿಕಡ್ಡಿಯ ಡಬ್ಬಿ ಕಾಯಂ ನೌಕರರ ಕಪಾಟಿನಲ್ಲಿತ್ತು, ಅದಕ್ಕೆ ಬೀಗ. ಬೂಟಣ್ಣ ತಟ್ಟೆ ಇಳಿಸಿ ದೊಡ್ಡಮ್ಮನನ್ನು ಕರೆದ. ಅವಳು ಬಂದು ನೆತ್ತಿ ಒತ್ತಿ ನಿಂತಳು. ಅವನು ಅಷ್ಟು ಬಗ್ಗಲಾಗದೆ ಬೋರಲು ಮಲಗಿ, ಕಿರುಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆದು ಗಾಜಿಗೆ ಸವರಿದ. ಬಂದದ್ದು ಸಾಸಿವೆ ಕಾಳಿನಷ್ಟು. ಅದನ್ನು ಸುತ್ತಿ ಕಾವಲುಗಾರ ಮಾವನ ಕೈಗೆ ಕೊಟ್ಟು, "ಯಾರಿಗೂ ಹೇಳ್ಬೇಡ ಮಾವ" ಎಂದ.

"ನನ್ನ ಬಾಯಿ ಗೊತ್ತಲ್ಲ," ಎಂದು ಮಾವ ಸೈಕಲ್ ಹತ್ತಿದರು. ಗೊತ್ತಿತ್ತು, ಆದರೆ ಸೈಕಲ್ ಇದ್ದದ್ದು ಅವರೊಬ್ಬರ ಹತ್ತಿರ.

ಒಂಬತ್ತು ಗಂಟೆಗೆ ಟಿಕೆಟ್ ಅಕ್ಕ ಕೌಂಟರಿಗೆ ಬೀಗ ಹಾಕಿಕೊಂಡು ಬಂದರು. ಅವರ ಮನೆಯಲ್ಲಿ ಗಾಜಿನ ಬುಡ್ಡಿಯೊಳಗೆ ಎರಡು ಚಿನ್ನದ ಮೀನುಗಳಿದ್ದುದರಿಂದ ಜಲಚರಗಳ ವಿಷಯದಲ್ಲಿ ಅವರ ಮಾತೇ ಕೊನೆಯ ಮಾತು.

"ಎಲ್ಲಿ ತೋರ್ಸು ನೋಡೋಣ."

ಬೂಟಣ್ಣ ಮತ್ತೆ ತಟ್ಟೆ ಇಳಿಸಿದ. ದೊಡ್ಡಮ್ಮ ಬಂದಳು, ಒತ್ತಿದಳು, ತಿಂದಳು. ಮಚ್ಚೆ ಆಗಲೇ ಬಿಸ್ಕತ್ತಿನಷ್ಟಾಗಿತ್ತು.

"ಬೂಷ್ಟೇ," ಎಂದರು ಅಕ್ಕ. "ನನ್ನ ಮೀನಿಗೂ ಹಿಡಿದಿತ್ತು. ನೀರಿಗೆ ಉಪ್ಪು ಹಾಕು, ಹೋಗುತ್ತೆ."

"ಇದು ಸಮುದ್ರದ ಮೀನು ಅಕ್ಕ. ನೀರಲ್ಲಿ ಆಗಲೇ ಉಪ್ಪಿದೆ."

"ಇದ್ರೆ ಏನಾಯ್ತು, ಇನ್ನೊಂದು ಮುಷ್ಟಿ ಹಾಕು. ಉಪ್ಪು ಯಾರಿಗೆ ಕೆಟ್ಟದ್ದು ಮಾಡಿದೆ?"

ಅಕ್ಕನನ್ನು ಕಳಿಸುವಷ್ಟರಲ್ಲಿ ಕರೆಂಟಿನ ಕೆಲಸದವನು ಹಾಜರಾದ. ಅವನಿಗೂ ನೋಡಬೇಕಿತ್ತು. ತಟ್ಟೆ ಇಳಿಯಿತು, ದೊಡ್ಡಮ್ಮ ಬಂದಳು. ಎರಡು ಡಿಗ್ರಿ ಬೆಚ್ಚಗೆ ಮಾಡಬೇಕು ಎಂದು ಬೂಟಣ್ಣ ಹೇಳಿದ್ದೇ ತಡ, ಅವನು ತೋಳೇರಿಸಿದ.

"ಎರಡು ಯಾಕೆ ಲೆಕ್ಕ? ಕಾಯಿಲೆ ಅಂದ್ಮೇಲೆ ಧಾರಾಳವಾಗಿ ಕಾಯಿಸ್ಬೇಕು."

"ಎರಡೇ ಸಾಕು ಕಣೋ."

"ಆಯ್ತು ಬಿಡು, ಎರಡೇ." ಹೀಟರಿನ ತಿರುಗಣಿಯ ಮೇಲಿನ ಅಂಕಿಗಳು ಅಳಿಸಿಹೋಗಿ ವರ್ಷವೇ ಆಗಿತ್ತು. ಅವನು ಅಂದಾಜಿನ ಮೇಲೆ ತಿರುಗಿಸಿದ. ಅವನ ಅಂದಾಜು ಯಾವತ್ತೂ ಕಡಿಮೆಯಾದದ್ದಿಲ್ಲ.

ಅಷ್ಟರಲ್ಲಿ ಮಾವ ವಾಪಸು ಬಂದರು. ಗಾಜಿನ ಪಟ್ಟಿ ತಲುಪಿಸಿದ್ದರು, ದಾರಿಯಲ್ಲಿ ಟೀ ಅಂಗಡಿ, ಕ್ಷೌರದಂಗಡಿಗಳಿಗೂ ಸುದ್ದಿ ತಲುಪಿಸಿದ್ದರು. ಜೇಬಿನಿಂದ ಅರ್ಧ ಖಾಲಿಯಾದ ಮುಲಾಮಿನ ಟ್ಯೂಬು ತೆಗೆದರು.

"ನನ್ನ ಕಾಲ್ಬೆರಳ ಸಂದಿಗೆ ಬೂಷ್ಟು ಹಿಡಿದಿದ್ದಾಗ ಇದನ್ನೇ ಹಚ್ಚಿದ್ದು. ಮೂರು ವಾರಕ್ಕೆ ಮಾಯ. ಒಂದೇ ಪಥ್ಯ, ಜಾಗ ಒಣಗಿರಬೇಕು."

"ನೀರಲ್ಲೇ ಇರೋಳನ್ನ ಒಣಗಿಸೋದು ಹೆಂಗೆ ಮಾವ?"

ಮಾವ ಇದನ್ನು ಯೋಚಿಸಿರಲಿಲ್ಲ. "ದಿನಾ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ನೋಡು," ಎಂದು ಹೇಳಿ, ಟ್ಯೂಬನ್ನು ಅವನ ಜೇಬಿಗೆ ತುರುಕಿ, ತಾವೂ ಒಂದು ಸಲ ದೊಡ್ಡಮ್ಮನ ದರ್ಶನ ಪಡೆದು ಹೋದರು.

ಹೀಗೆ ಬಂದವರಿಗೆಲ್ಲ ತೋರಿಸಿ ತೋರಿಸಿ ಮಧ್ಯಾಹ್ನದ ಹೊತ್ತಿಗೆ ಮಚ್ಚೆ ಟೀ ಸಾಸರಿನಷ್ಟಾಯಿತು. ಇಷ್ಟು ಬೇಗ ಹಬ್ಬುವ ಬೂಷ್ಟನ್ನು ಬೂಟಣ್ಣ ಕೇಳಿಯೂ ಇರಲಿಲ್ಲ. ಪ್ರತಿ ಸಲವೂ ಹೆಚ್ಚಾಗಿದೆಯೇ ಎಂದು ನೋಡಲು ಕರೆಯುವುದು, ಪ್ರತಿ ಸಲವೂ ಹೆಚ್ಚಾಗಿರುವುದು. ದೊಡ್ಡಮ್ಮನಿಗೆ ಮಾತ್ರ ಇಂಥ ಒಳ್ಳೆಯ ದಿನ ಬಂದಿರಲಿಲ್ಲ. ಬೆಳಗಿನಿಂದ ಹದಿನೇಳು ತುಂಡು ಮೀನು ಸಿಕ್ಕಿತ್ತು.

ಒಂದು ಗಂಟೆಗೆ ಹೆಂಡತಿಯ ಫೋನು ಬಂತು.

"ಕಾಯಂ ಆಯ್ತಾ?"

"ಇನ್ನೂ ಅಧ್ಯಕ್ಷರೇ ಬಂದಿಲ್ಲ ಮಾರಾಯ್ತಿ."

"ನಾನು ಪಕ್ಕದ್ಮನೆಯವರಿಗೆ ಆಯ್ತು ಅಂತಲೇ ಹೇಳ್ಬಿಟ್ಟೆ. ಅವರು ಹೋದ್ ತಿಂಗಳು ಫ್ರಿಜ್ಜು ತಂದಾಗ ಎಷ್ಟು ಮೆರೆದ್ರು ಗೊತ್ತಲ್ಲ. ಸಂಜೆ ಬರುವಾಗ ಬೂಟು ಕೈಯಲ್ಲಿ ಹಿಡ್ಕೊಂಡು ಬನ್ನಿ, ಎಲ್ಲರಿಗೂ ಕಾಣ್ಲಿ."

ಫೋನು ಇಟ್ಟ ಮೇಲೆ ಬೂಟಣ್ಣ ತುಂಬ ಹೊತ್ತು ದೊಡ್ಡಮ್ಮನನ್ನು ನೋಡುತ್ತ ಕೂತ. ಅವಳು ಇಲ್ಲಿಗೆ ಬಂದಾಗ ಮೂರಡಿಯ ಮರಿ. ಎರಡು ವಾರ ಏನೂ ತಿಂದಿರಲಿಲ್ಲ. ಅವನೇ ಸೊಂಟದವರೆಗೆ ನೀರಿನಲ್ಲಿ ನಿಂತು, ತಟ್ಟೆ ಹಿಡಿದು, ಮಗುವಿಗೆ ತಿನ್ನಿಸಿದಂತೆ ತಿನ್ನಿಸಿ ಉಳಿಸಿಕೊಂಡಿದ್ದ. ಬೂಟು ಬೇಕಿತ್ತು, ನಿಜ. ಹೆಂಡತಿಯ ಮುಖ ಅರಳುವುದೂ ಬೇಕಿತ್ತು. ಆದರೆ ಕಾಯಿಲೆ ಮುಚ್ಚಿಟ್ಟು ದೊಡ್ಡಮ್ಮನಿಗೆ ಏನಾದರೂ ಆಗಿಹೋದರೆ ಆ ಬೂಟಿನಲ್ಲಿ ಕಾಲಿಡುವುದು ಹೇಗೆ ಎಂದು ಅವನಿಗೆ ಸಂಕಟವಾಯಿತು. ಎದ್ದು ಹೋಗಿ ಆರೋಗ್ಯ ಪುಸ್ತಕ ತೆರೆದು ಕೆಂಪು ಪೆನ್ನು ಕೈಗೆ ತೆಗೆದುಕೊಂಡ.

ಆ ಪೆನ್ನನ್ನು ಹಿಂದಿನಿಂದ ಒಂದು ಕೈ ಕಸಿದುಕೊಂಡಿತು. ಮ್ಯಾನೇಜರು. ಸುದ್ದಿ ಕ್ಷೌರದಂಗಡಿಯಿಂದ ಅವರಿಗೂ ತಲುಪಿತ್ತು. ಅರ್ಧ ಗಡ್ಡ ಹೆರೆಸಿಕೊಂಡವರು ಹಾಗೇ ಎದ್ದು ಬಂದಿದ್ದರು.

"ತಲೆ ನೆಟ್ಟಗಿದೆಯೇನಯ್ಯ ನಿಂಗೆ? ಕೆಂಪು ಸಾಲು ಕಂಡ್ರೆ ನಿನ್ನ ಅರ್ಜಿ ಮಾತ್ರ ಅಲ್ಲ, ನನ್ನ ಕುರ್ಚಿನೂ ಅಲ್ಲಾಡುತ್ತೆ. ಐದು ಗಂಟೆವರೆಗೆ ನೀಲಿ. ಅಧ್ಯಕ್ಷರ ಕಾರು ಹೋದ್ಮೇಲೆ ಕೆಂಪಾದ್ರೂ ಬರಿ, ಹಸಿರಾದ್ರೂ ಬರಿ."

"ಮೀನಿಗೆ ಹುಷಾರಿಲ್ಲ ಸಾರ್."

"ಐದು ಗಂಟೆ ಮೇಲೆ ಹುಷಾರು ತಪ್ಪಲಿ."

ನಾಲ್ಕಕ್ಕೆ ಸರಿಯಾಗಿ ಅಧ್ಯಕ್ಷರು ಇಳಿದರು. ಅಚ್ಚುಕಟ್ಟಿನ ಮನುಷ್ಯ. ಬಾಗಿಲಿನ ಹಿಡಿಯನ್ನೂ ಕರವಸ್ತ್ರದಲ್ಲಿ ಹಿಡಿದೇ ತೆರೆಯುತ್ತಿದ್ದರು. ಸಣ್ಣ ತೊಟ್ಟಿಗಳನ್ನೆಲ್ಲ ನೋಡಿ, ತಲೆಯಾಡಿಸಿ, ದೊಡ್ಡ ತೊಟ್ಟಿಯ ಮುಂದೆ ಬಂದು ನಿಂತರು. ಅಲ್ಲಿ ಏನೂ ಕಾಣಿಸಲಿಲ್ಲ.

ಕರೆಂಟಿನವನ ಅಂದಾಜಿನ ಕೃಪೆಯಿಂದ ನೀರು ಕಾದು, ಕೋಣೆಯೆಲ್ಲ ಹಬೆಯಾಗಿ, ತಂಪು ಗಾಳಿಯ ಯಂತ್ರದಡಿಯಲ್ಲಿದ್ದ ಗಾಜು ಸ್ನಾನದ ಮನೆಯ ಕನ್ನಡಿಯಂತೆ ಮಂಜಾಗಿತ್ತು. ಯಾವುದೋ ಮಗು ಅದರ ಮೇಲೆ ಬೆರಳಿನಿಂದ ಮೀಸೆಯ ಮುಖವೊಂದನ್ನು ಬರೆದು ಹೋಗಿತ್ತು. ಬಚಾವಾದೆವು ಎಂದು ಮ್ಯಾನೇಜರು ಉಸಿರು ಬಿಟ್ಟರು. ಅದು ಪೂರ್ತಿ ಹೊರಬರುವ ಮೊದಲೇ ಅಧ್ಯಕ್ಷರು ಕರವಸ್ತ್ರ ತೆಗೆದು ಗಾಜನ್ನು ಗಸಗಸ ಒರೆಸಿಬಿಟ್ಟರು.

ಆಚೆಯಿಂದ ದೊಡ್ಡಮ್ಮ ಅವರನ್ನೇ ನೋಡುತ್ತಿದ್ದಳು. ನೆತ್ತಿಯ ಮೇಲೆ ಸಾಸರಿನಷ್ಟು ಬಿಳುಪು.

"ಇದೇನಿದು, ತಲೆ ಬೆಳ್ಳಗಿದೆ?"

ಬೂಟಣ್ಣ ಬಾಯಿ ತೆರೆದ. ಮ್ಯಾನೇಜರು ಅದಕ್ಕಿಂತ ಬೇಗ ತೆರೆದರು.

"ಬೆಳ್ಳಿನೆತ್ತಿ ಶಾರ್ಕು ಸಾರ್. ಬಹಳ ಅಪರೂಪ."

"ಹೋದ ವರ್ಷ ಇರ್ಲಿಲ್ಲವಲ್ಲ."

"ಹೋದ ವರ್ಷ ಇನ್ನೂ ಪ್ರಾಯ ಸಾರ್. ಒಂಬತ್ತು ತುಂಬಿದ ಮೇಲೆ ನೆತ್ತಿಗೆ ಬೆಳ್ಳಿ ಬರುತ್ತೆ. ನಮ್ಮ ಹಾಗೇ."

ಅಧ್ಯಕ್ಷರ ತಲೆಯೂ ಬೆಳ್ಳಗಿತ್ತು. ಆ ಮಾತು ಅವರಿಗೆ ನಾಟಿತು. ಬೂಟಣ್ಣನ ಕಡೆ ತಿರುಗಿದರು. "ಇದನ್ನ ಸಾಕಿದ್ದು ನೀನೇನಪ್ಪ? ಏನು ತಿನ್ನುತ್ತೆ?"

"ಕೊಟ್ಟದ್ದು ತಿನ್ನುತ್ತೆ ಸಾರ್."

"ಸ್ವಭಾವ ಹೇಗೆ?"

"ದೊಡ್ಡಮ್ಮನ ಹಾಗೆ ಸಾರ್." ಸುಳ್ಳು ಹೇಳಲು ಬಾರದವನು ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಮಾಡಲಿಲ್ಲ. ಕೂಡಲೇ, "ಆದ್ರೆ ಸಾರ್, ಅದು..." ಎಂದು ಶುರುಮಾಡಿದ. ಮ್ಯಾನೇಜರು ಅವನ ಬೂಟನ್ನು, ತೂತಿದ್ದ ಜಾಗದಲ್ಲೇ, ಮೆಟ್ಟಿದರು.

"ಮಾತು ಕಡಿಮೆ, ಕೆಲಸ ಜಾಸ್ತಿ. ಇಂಥವರೇ ಬೇಕು," ಎಂದು ಅಧ್ಯಕ್ಷರು ಅವನ ಕೈ ಹಿಡಿದು ಕುಲುಕಿದರು. ತೊಟ್ಟಿಯ ಮುಂದೆಯೇ ಮೇಜು ಬಂತು, ಕಾಗದ ಬಂತು. ಅಧ್ಯಕ್ಷರ ಸಹಿ ಉದ್ದದ್ದು. ತಾತನ ಹೆಸರು, ತಂದೆಯ ಹೆಸರು, ಆಮೇಲೆ ಅವರ ಹೆಸರು. ತಾತ ಮುಗಿದು ತಂದೆಯ ಅರ್ಧಕ್ಕೆ ಬಂದಿದ್ದರು. ಬಾಗಿಲು ತೆರೆದು ಡಾಕ್ಟರಮ್ಮ ಒಳಗೆ ಬಂದರು.

"ಗಾಜಿನ ಪಟ್ಟಿ ನೋಡಿದೆ. ಫಂಗಸ್ ಇದೆ, ಬೇಕಾದಷ್ಟಿದೆ," ಎಂದರು.

ಪೆನ್ನು ನಿಂತಿತು.

"ಆದ್ರೆ ನನಗೇ ಒಂದು ಅರ್ಥ ಆಗ್ತಿಲ್ಲ. ಮೊದಲು ಮೀನು ತೋರ್ಸಿ."

ಬೂಟಣ್ಣನಿಗೆ ಒಂದು ಕಡೆ ಭಯ, ಒಂದು ಕಡೆ ನಿರಾಳ. ಮೆಟ್ಟಿಲು ಹತ್ತಿ ಮೇಲೆ ಹೋಗಿ ತಟ್ಟೆ ಇಳಿಸಿದ. ದೊಡ್ಡಮ್ಮ ಹದಿನೆಂಟನೆಯ ತುಂಡಿಗಾಗಿ ಬಂದು ನೆತ್ತಿ ಒತ್ತಿದಳು. ಡಾಕ್ಟರಮ್ಮ ಕೈಗವಸು ಹಾಕಿ, ಬಗ್ಗಿ, ಒಂದು ಬಟ್ಟೆಯಿಂದ ಬಿಳುಪನ್ನು ಒರೆಸಿದರು. ಮೂರು ಸಲ ಒರೆಸುವಷ್ಟರಲ್ಲಿ ದೊಡ್ಡಮ್ಮನ ನೆತ್ತಿ ಎಂದಿನ ಬೂದು ಬಣ್ಣಕ್ಕೆ ಬಂತು. ಬಟ್ಟೆ ಬೆಳ್ಳಗಾಗಿತ್ತು. ಅವರು ಅದನ್ನು ಮೂಸಿದರು.

"ಇದು ಬಣ್ಣ ಕಣ್ರೀ."

ಕೋಲನ್ನು ಮೇಲೆತ್ತಿ ತಟ್ಟೆ ತಿರುಗಿಸಿದರು. ಅಂಚಿನಲ್ಲಿ ಬಿಳಿ ಬಣ್ಣ ಫಳಫಳ ಎನ್ನುತ್ತಿತ್ತು, ನಡುವೆ ಬರೀ ತಗಡು. "ಶಾರ್ಕಿನ ಚರ್ಮ ಅಂದ್ರೆ ಉಪ್ಪುಕಾಗದ ಇದ್ದ ಹಾಗೆ. ಸರಿಯಾಗಿ ಒಣಗದ ಬಣ್ಣಕ್ಕೆ ತಲೆ ಉಜ್ಜಿದ್ರೆ ಇನ್ನೇನಾಗುತ್ತೆ? ನೀವು ಕರೆದಷ್ಟು ಸಲವೂ ಅದು ಬಳ್ಕೊಂಡಿದೆ. ಈ ತಟ್ಟೆ ಮೊದಲು ಬಿಸಾಕಿ. ಮೀನು ಗಟ್ಟಿಮುಟ್ಟಾಗಿದೆ. ನೀರು ಮಾತ್ರ ತಕ್ಷಣ ತಣ್ಣಗೆ ಮಾಡಿ, ಸಾರು ಮಾಡೋಕೆ ಹೊರಟಿದ್ದೀರಾ?"

ಬೂಟಣ್ಣನ ಕಣ್ಣಲ್ಲಿ ನೀರು ಬಂತು. ದೊಡ್ಡಮ್ಮನಿಗೆ ಏನೂ ಆಗಿಲ್ಲ, ಕೆಂಪು ಸಾಲಿಲ್ಲ, ಅರ್ಧ ಸಹಿ ಆಗಿಯೇ ಇದೆ. ಬದುಕಿನಲ್ಲಿ ಒಂದೇ ದಿನ ಇಷ್ಟೊಂದು ಒಳ್ಳೆಯದಾದದ್ದು ಅವನಿಗೆ ನೆನಪಿರಲಿಲ್ಲ.

ಡಾಕ್ಟರಮ್ಮ ಕೆಳಗಿಳಿದು ಬರುವಷ್ಟರಲ್ಲಿ ಅಧ್ಯಕ್ಷರು ಮ್ಯಾನೇಜರನ್ನು ನೋಡಿದರು. "ಬೆಳ್ಳಿನೆತ್ತಿ?"

"ಈಗ ಋತು ಮುಗೀತು ಅನ್ಸುತ್ತೆ ಸಾರ್," ಎಂದರು ಮ್ಯಾನೇಜರು. ಅವರ ಅರ್ಧ ಗಡ್ಡ ಬೆವರಿತ್ತು.

ಅಧ್ಯಕ್ಷರು ಅದನ್ನು ಅಲ್ಲಿಗೇ ಬಿಟ್ಟರು, ಏಕೆಂದರೆ ಅವರಿಗೆ ಬೇರೊಂದು ಅನುಮಾನ ಬಂದಿತ್ತು. "ಹಾಗಾದ್ರೆ ಡಾಕ್ಟ್ರೇ, ಗಾಜಿನ ಪಟ್ಟಿ ಮೇಲಿದ್ದ ಫಂಗಸ್ಸು ಯಾರದ್ದು?"

"ಅದೇ ನನಗೆ ಅರ್ಥವಾಗದೆ ಇದ್ದದ್ದು. ಆ ಜಾತಿ ಮೀನಿಗೆ ಬರೋದಲ್ಲ, ಮನುಷ್ಯರದ್ದು. ಒದ್ದೆ ಬೂಟು ಹಾಕೋರ ಕಾಲ್ಬೆರಳ ಸಂದಿಯಲ್ಲಿ ಬೆಳೆಯುತ್ತೆ. ಇದನ್ನ ಕೆರೆದು ಕಳಿಸಿದವರು ಯಾರು?"

ಎಲ್ಲರೂ ಮೇಲೆ ನೋಡಿದರು. ಬೂಟಣ್ಣ ಕಟ್ಟೆಯ ಮೇಲೆ ಕೂತು, ಸಂತೋಷದ ಯೋಚನೆಯಲ್ಲಿ ತನಗೇ ಗೊತ್ತಿಲ್ಲದೆ ಎಡಗಾಲಿನ ಬೂಟು ಕಳಚಿ ಬೆರಳ ಸಂದಿ ಕೆರೆದುಕೊಳ್ಳುತ್ತಿದ್ದ.

ಅಧ್ಯಕ್ಷರು ತಮ್ಮ ಬಲಗೈಯನ್ನು, ಅವನ ಕೈ ಕುಲುಕಿದ ಕೈಯನ್ನು, ಮೈಯಿಂದ ದೂರ ಹಿಡಿದುಕೊಂಡು ನಲ್ಲಿಯ ಕಡೆ ನಡೆದರು. ಹತ್ತು ನಿಮಿಷ ತೊಳೆದರು. ವಾಪಸು ಬಂದಾಗ ಅವರ ಮಾತಿನಲ್ಲಿ ಕೋಪವಿರಲಿಲ್ಲ, ನಿಯಮವಿತ್ತು.

"ಅಂಟುರೋಗ ಇರೋರನ್ನ ಕಾಯಂ ಮಾಡೋ ಹಾಗಿಲ್ಲಪ್ಪ. ವಾಸಿ ಮಾಡ್ಕೊ. ಮುಂದಿನ ವರ್ಷ ಬಂದಾಗ ಉಳಿದ ಸಹಿ ಹಾಕ್ತೀನಿ." ತಾತನೂ ಅರ್ಧ ತಂದೆಯೂ ಇದ್ದ ಕಾಗದ ಕಡತದೊಳಗೆ ಹೋಯಿತು.

"ವಾಸಿಯಾಗೋದು ಸುಲಭ," ಎಂದರು ಡಾಕ್ಟರಮ್ಮ. ಅವರು ಬರೆದುಕೊಟ್ಟ ಮುಲಾಮು ಮಾವ ಕೊಟ್ಟಿದ್ದದ್ದೇ. ಅದು ಆಗಲೇ ಬೂಟಣ್ಣನ ಜೇಬಿನಲ್ಲಿತ್ತು. "ಮೂರು ವಾರ ಹಚ್ಚಿ. ಆದ್ರೆ ಕಾಲು ಒಣಗಿರ್ಬೇಕು. ಈ ತೂತು ಬೂಟು ಹಾಕಿದ್ರೆ ಜನ್ಮದಲ್ಲಿ ಹೋಗಲ್ಲ. ಹೊಸ ಬೂಟು ಕೊಡ್ಸಿ ಇವರಿಗೆ."

ಮ್ಯಾನೇಜರು ನಿಯಮದ ಪುಸ್ತಕ ತೆರೆದು ಅದೇ ಪುಟ ತೋರಿಸಿದರು. ಬೂಟು ಕಾಯಂ ನೌಕರರಿಗೆ ಮಾತ್ರ.

"ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು," ಎಂದು ಟಿಕೆಟ್ ಅಕ್ಕ ಬಾಗಿಲಲ್ಲೇ ನಿಂತು ನಿಟ್ಟುಸಿರು ಬಿಟ್ಟರು. "ಬಕೀಟಿಗೆ ಉಪ್ಪು ಹಾಕಿ ಕಾಲಿಟ್ಕೊಂಡು ಕೂತ್ಕೊ, ಹೋಗುತ್ತೆ."

ಇನ್ನೊಂದು ನಿಯಮ ಬಾಕಿಯಿತ್ತು. ಮತ್ಸ್ಯಾಲಯದೊಳಗೆ ಬೂಷ್ಟು ಪತ್ತೆಯಾದರೆ ಆರೋಗ್ಯ ಪುಸ್ತಕದಲ್ಲಿ ಬರೆಯಲೇಬೇಕು. ಅಧ್ಯಕ್ಷರ ಎದುರಿಗೇ ಮ್ಯಾನೇಜರು ಮಧ್ಯಾಹ್ನ ಕಸಿದುಕೊಂಡಿದ್ದ ಕೆಂಪು ಪೆನ್ನು ತೆಗೆದರು. ರೋಗ ಎಂಬಲ್ಲಿ ಬೂಷ್ಟು ಎಂದು ಬರೆದರು. ಜೀವಿಯ ಹೆಸರು ಎಂಬಲ್ಲಿ ಪಾಲಕ ಎಂದು ಬರೆದರು. ಯಾವ ತೊಟ್ಟಿ ಎಂಬ ಅಂಕಣಕ್ಕೆ ಬಂದಾಗ ಸ್ವಲ್ಪ ಯೋಚಿಸಿ, ಎಡಗಾಲಿನ ಬೂಟು ಎಂದು ತುಂಬಿದರು.

ಕಾರು ಹೋದ ಮೇಲೆ ಬೂಟಣ್ಣ ಕಟ್ಟೆಯ ಮೇಲೆ ಕೂತು ಬೂಟನ್ನು ತಲೆಕೆಳಗು ಮಾಡಿದ. ಅರ್ಧ ಚೊಂಬಿನಷ್ಟು ನೀರು ಸುರಿಯಿತು. ಕೆಳಗೆ ನೀರಿನಲ್ಲಿ ದೊಡ್ಡಮ್ಮ ಸುತ್ತು ಹೊಡೆಯುತ್ತ, ಹತ್ತಿರ ಬಂದಾಗಲೆಲ್ಲ ಅವನ ಕಾಲನ್ನು ಆಕ್ಷೇಪಣೆಯಿಂದ ನೋಡಿ ಮುಂದೆ ಹೋಗುತ್ತಿದ್ದಳು. ಫೋನು ಹೊಡೆದುಕೊಂಡಿತು. ಹಿನ್ನೆಲೆಯಲ್ಲಿ ಪಕ್ಕದ ಮನೆಯವರ ದನಿಗಳೂ ಕೇಳಿಸುತ್ತಿದ್ದವು.

"ಏನ್ರೀ, ಕಾಯಂ ಆಯ್ತಾ?" ಎಂದಳು ಹೆಂಡತಿ.

ಬೂಟಣ್ಣ ಒದ್ದೆ ಬೂಟಿಗೆ ಮತ್ತೆ ಕಾಲು ತೂರಿಸಿದ.

"ಆಯ್ತು," ಎಂದ. "ನಾನಲ್ಲ, ಬೂಷ್ಟು."